ಹರಿಗೋಲು, ಹುಟ್ಟು, ಗಾಳ

ಬೆಂಗಳೂರಿನ ವಾಚಕರೊಬ್ಬರು ಕಳೆದ ತಿಂಗಳು ನನಗೊಂದು ದೀರ್ಘವಾದ ಪತ್ರ ಬರೆದರು. ಅವರ ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಒಳ್ಳೆಯ ಸಂಬಳ, ಶನಿವಾರ ಭಾನುವಾರ ಬಿಡುವು. ಆತನಿಗೀಗ ಹೊಸದೊಂದು ಹುಚ್ಚು ಹಿಡಿದಿದೆ. ಕಯಾಕ್ ಎಂಬ, ಒಬ್ಬನೇ ಕುಳಿತುಕೊಳ್ಳುವ ಸಣ್ಣ ದೋಣಿಯನ್ನು ಕೊಂಡು, ಅದರಲ್ಲಿ ಕುಳಿತು ಗಾಳ ಹಾಕಿ ಮೀನು ಹಿಡಿಯಬೇಕಂತೆ. “ನೀವು ಮುಲ್ಲಾಮಾರಿಯ ದಡದವರು. ಹಿಂದೊಮ್ಮೆ ಈ ಅಂಕಣದಲ್ಲಿ ಹರಿಗೋಲಿನ ಪ್ರಸ್ತಾಪ ಮಾಡಿದ್ದಿರಿ. ಅವನಿಗೆ ನಾಲ್ಕು ಮಾತು ಹೇಳಿ, ಸಾಧ್ಯವಾದರೆ ಬೇಡವೆಂದೇ ಹೇಳಿ” — ಇದು ಪತ್ರದ ಸಾರಾಂಶ.

ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ. ಆ ಹುಚ್ಚು ನನಗೂ ಹಿಡಿದಿತ್ತು. ಪೂರ್ತಿ ಬಿಟ್ಟಿದೆಯೆಂದು ಪ್ರಮಾಣ ಮಾಡಲಾರೆ. ಆದರೆ ಹೇಗೆ ಆರಂಭಿಸಬೇಕು ಎಂದು ಕೇಳಿದರೆ, ಹೇಗೆ ಆರಂಭಿಸಬಾರದು ಎಂಬುದನ್ನು ಮಾತ್ರ ನಾನು ಸ್ವಾನುಭವದಿಂದ ಹೇಳಬಲ್ಲೆ.

ಮೊದಲು ದೋಣಿಯ ವಿಚಾರ. ಕಯಾಕ್ ಎಂಬುದು ಉತ್ತರ ಧ್ರುವದ ಸುತ್ತಲಿನ ಹಿಮನಾಡುಗಳ ಇನ್ಯುಟ್ ಜನರ ದೋಣಿ. ಅಲ್ಲಿ ಮರವಿಲ್ಲ. ಕಡಲು ತಂದು ದಡಕ್ಕೆಸೆದ ಮರದ ತುಂಡುಗಳಿಂದ, ತಿಮಿಂಗಿಲದ ಎಲುಬುಗಳಿಂದ ಹಂದರ ಕಟ್ಟಿ, ಅದಕ್ಕೆ ಸೀಲ್ ಎಂಬ ಕಡಲಪ್ರಾಣಿಯ ತೊಗಲು ಹೊದಿಸಿ ಹೊಲಿಯುತ್ತಿದ್ದರು. ಒಬ್ಬೊಬ್ಬ ಬೇಟೆಗಾರನ ದೋಣಿಯೂ ಅವನ ಮೈಯ ಅಳತೆಗೇ, ಅಂಗಿ ಹೊಲಿದ ಹಾಗೆ, ಸಿದ್ಧವಾಗುತ್ತಿತ್ತು. ಈಗ ಪೇಟೆಯಲ್ಲಿ ದೊರೆಯುವುದು ಪ್ಲಾಸ್ಟಿಕ್ಕಿನದು. ಮೀನು ಹಿಡಿಯುವವರು ಬಹುಮಟ್ಟಿಗೆ ಮೇಲೆಯೇ ಕುಳಿತುಕೊಳ್ಳುವ, ಅಗಲ ತಳದ ಮಾದರಿಯನ್ನು ಆರಿಸಿಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ ಇವನ್ನು ನೋಡಬೇಕಾದರೆ ಮೂಲ್ಕಿಯ ಶಾಂಭವಿ ನದಿಗೋ ದಾಂಡೇಲಿಯ ಕಾಳಿಗೋ ಹೋಗಬೇಕು.

ಹಂದರ ಕಟ್ಟಿ ತೊಗಲು ಹೊದಿಸುವ ಈ ಉಪಾಯ ಹಿಮನಾಡಿನ ಸ್ವತ್ತೇನೂ ಅಲ್ಲ. ಕ್ರಿ. ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತ ಹೊರಗೆ ತೊಗಲು ಇರುವ ದೋಣಿಗಳನ್ನು ಕಂಡು ಬೆರಗಾದ. ಹದಿನೈದು ಇಪ್ಪತ್ತು ಜನರನ್ನು ಹೊರುವ ಅವು ನೆಟ್ಟಗೆ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂದೂ ಬರೆದಿಟ್ಟ. ಐದು ಶತಮಾನಗಳು ಕಳೆದರೂ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಾಗಿಲ್ಲವೆಂಬುದನ್ನು ನಾನು ಮುಂದೆ ನಿವೇದಿಸುತ್ತೇನೆ. ತುಂಗಭದ್ರೆಯ ದಡದಲ್ಲಿ ಇದು ಹರಿಗೋಲು, ತೆಪ್ಪ. ಕೃಷ್ಣೆಯ ಕಡೆಗೆ, ತೆಲಂಗಾಣದ ಗಡಿಯಲ್ಲಿ ಪುಟ್ಟಿ. ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆ ಬಂದಿತು, ಬಳಿಕ ಪ್ಲಾಸ್ಟಿಕ್ ಹಾಳೆ ಬಂದಿತು. ಈಗ ಫೈಬರಿನ ಹರಿಗೋಲುಗಳೂ ಇವೆ.

ಹರಿಗೋಲು ಕೊಳ್ಳುವ ಶಕ್ತಿಯಿಲ್ಲದವರು ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ನಡುವೆ ಹಗ್ಗ ಹೆಣೆದು, ಅದರ ಮೇಲೆ ಕುಳಿತು ಕೈಯಲ್ಲೇ ನೀರು ತಳ್ಳುತ್ತ ಬಲೆ ಬಿಡುತ್ತಾರೆ. ಕೆಲವರು ಥರ್ಮೊಕೋಲಿನ ತುಂಡುಗಳನ್ನು ಕಟ್ಟಿಕೊಳ್ಳುತ್ತಾರೆ. ಈ ಟ್ಯೂಬಿನ ಸಹೋದರನನ್ನೇ ಅಮೆರಿಕದಲ್ಲಿ ಬಣ್ಣದ ಬಟ್ಟೆ ಹೊದಿಸಿ, ಬೆನ್ನಿಗೆ ಒರಗು ಕೊಟ್ಟು, ಹವ್ಯಾಸಿಗಳಿಗೆ ದುಬಾರಿ ಬೆಲೆಗೆ ಮಾರುತ್ತಾರೆ. ಒಬ್ಬನೇ ಕುಳಿತು ಮೀನು ಹಿಡಿಯುವ ದೋಣಿ ನಮಗೇನೂ ಹೊಸದಲ್ಲ; ನಾವು ಅದನ್ನು ಬಡತನವೆಂದು ಕರೆಯುತ್ತಿದ್ದೆವು, ಅಷ್ಟೆ.

ಇನ್ನು ನಮ್ಮ ಊರು. ಚಿಮ್ಮನಚೋಡ ಚಿಂಚೋಳಿ ತಾಲ್ಲೂಕಿನದು. ಮುಲ್ಲಾಮಾರಿ ಹೊಳೆ ಊರಿಗೆ ತಾಗಿಯೇ ಹರಿಯುತ್ತದೆ. ಬಸವಕಲ್ಯಾಣದ ಸೀಮೆಯಲ್ಲಿ ಹುಟ್ಟಿದ ಈ ಹೊಳೆ ಕಾಗಿಣೆಯನ್ನು ಕೂಡಿಕೊಂಡು, ಮಳಖೇಡದ ಕೋಟೆಯನ್ನು ಸವರಿ, ಭೀಮೆಗೆ ಸೇರುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆಗಲ್ಲು. ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು. ಮೇಲುಗಡೆ ನಾಗರಾಳದಲ್ಲಿ ಕೆಳದಂಡೆ ಮುಲ್ಲಾಮಾರಿಯ ಜಲಾಶಯವಿದೆ. ನಮ್ಮಲ್ಲಿ ವರ್ಷವಿಡೀ ನೀರು, ಆದುದರಿಂದ ವರ್ಷವಿಡೀ ಮೀನು, ಇರುವುದು ಅಲ್ಲಿಯೇ.

ನನಗೆ ಹುಚ್ಚು ಹಿಡಿಸಿದ್ದು ಹೊಳೆಯೂ ಅಲ್ಲ, ಮೀನೂ ಅಲ್ಲ, ಒಂದು ಗ್ರಂಥ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ನಮ್ಮ ವಾಚಕರು ಹೆಸರಿನಿಂದಾದರೂ ಬಲ್ಲರು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಸಂಸ್ಕೃತದ ಈ ವಿಶ್ವಕೋಶದಲ್ಲಿ ಅಡಿಗೆಯಿಂದ ಆನೆಯವರೆಗೆ ನೂರು ಪ್ರಕರಣಗಳಿವೆ. ಅವುಗಳಲ್ಲಿ ಮತ್ಸ್ಯವಿನೋದವೂ ಒಂದು. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅರಸ ಅಲ್ಲಿ ಹೆಸರಿಸುತ್ತಾನೆ. ಕಡಲಿನವು ಯಾವುವು ಹೊಳೆಯವು ಯಾವುವು, ಹುರುಪೆಯಿದ್ದವು ಯಾವುವು ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಹಾಕಿ ಒಂದೆಡೆ ನೆಲೆಯಾಗಿಸಬೇಕು, ನೂಲು ಎಂತಹದು, ಕೋಲು ಎಂತಹದು, ಗಾಳ ಎಂತಹದು ಎಂಬುದನ್ನೆಲ್ಲ ಹೇಳುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಪ್ರೌಢವಾದ ಲೇಖನವನ್ನು ಪ್ರಕಟಿಸಿದರು. ಗಾಳದ ಮೀನುಬೇಟೆ ಇಂಗ್ಲಿಷರಿಂದ ಬಂದ ವಿನೋದವೆಂದು ತಿಳಿದಿದ್ದ ನನಗೆ, ಮುಲ್ಲಾಮಾರಿ ಹುಟ್ಟುವ ನಾಡಿನಲ್ಲೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ಒಬ್ಬ ಅರಸ ಅದಕ್ಕೆ ಶಾಸ್ತ್ರ ಬರೆದಿದ್ದನೆಂದು ತಿಳಿದಾಗ ಆದ ಹಿಗ್ಗು ಅಷ್ಟಿಷ್ಟಲ್ಲ. ಪಟ್ಟಣಕ್ಕೆ ಹೋದವನು ಒಂದು ಗಾಳದ ಕೋಲು, ಉರುಳೆ, ನೈಲಾನ್ ದಾರ ಎಲ್ಲವನ್ನೂ ಕೊಂಡುತಂದೆ. ಮನೆಯಲ್ಲಿ ತಾಯಿ ಅದನ್ನು ನೋಡಿ ಟೀವಿಯ ಕಂಬಿಯೆಂದು ತಿಳಿದರು. ನಾನು ತಿದ್ದಲಿಲ್ಲ, ನಮ್ಮ ಮನೆಯಲ್ಲಿ ಮೀನು ಅಡಿಗೆಮನೆಗೆ ಬರುವ ಪದಾರ್ಥವಲ್ಲ.

ಜಲಾಶಯದಲ್ಲಿ ಬಲೆ ಬಿಡುವ ಹಿರಿಯರೊಬ್ಬರು ನನಗೆ ಪರಿಚಿತರು. ಚಿಕ್ಕಂದಿನಿಂದಲೂ ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅವರ ಹರಿಗೋಲಿನಲ್ಲಿ ಒಂದು ಭಾನುವಾರ ಕರೆದೊಯ್ಯಬೇಕೆಂದು ಕೇಳಿದೆ. ಕಾಕಾ ನನ್ನ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಇರ್ಲಿ ಸರ, ಮೊದಲ ಕುಂದ್ರದು ಕಲೀರಿ” ಎಂದರು.

ಕುಳಿತುಕೊಳ್ಳುವುದು ಒಂದು ವಿದ್ಯೆಯೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಹರಿಗೋಲಿಗೆ ಮೂಗಿಲ್ಲ, ಬಾಲವಿಲ್ಲ, ಎಡಬಲಗಳಿಲ್ಲ. ಅಂಚಿನ ಮೇಲೆ ಕಾಲಿಟ್ಟರೆ ಅದು ಮಗುಚುತ್ತದೆ; ನಟ್ಟನಡುವೆ ಕಾಲಿಟ್ಟು, ಒಡನೆಯೇ ಕುಕ್ಕರಿಸಬೇಕು. ಇಬ್ಬರಿದ್ದರೆ ಎದುರೆದುರಾಗಿ ಕುಳಿತು ತೂಕ ಹಂಚಿಕೊಳ್ಳಬೇಕು. ಒಬ್ಬರು ಎಡಕ್ಕೆ ಬಾಗಿದರೆ ಇನ್ನೊಬ್ಬರು, ಮಾತಿಲ್ಲದೆ, ಅಷ್ಟೇ ಬಲಕ್ಕೆ ಬಾಗಬೇಕು. ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೊಂದಿರಲಾರದು.

ಎರಡನೆಯದು ಹುಟ್ಟು. ಕಯಾಕಿನಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದಿದರೆ ದೋಣಿ ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ಹರಿಗೋಲಿನಲ್ಲಿ ಹುಟ್ಟು ಒಂದೇ, ಅದಕ್ಕೆ ಅಲಗೂ ಒಂದೇ. ಅದನ್ನು ಮುಂದುಗಡೆ ನೀರಿನಲ್ಲಿ ಇಳಿಬಿಟ್ಟು, ಎಂಟರ ಅಂಕಿಯನ್ನು ಬರೆಯುವಂತೆ ಆಡಿಸುತ್ತ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳಬೇಕು. ‘ಎಂಟು’ ಎಂದು ಕೇಳಿದೊಡನೆ ಕನ್ನಡದ ಉಪನ್ಯಾಸಕನಾದ ನಾನು ಶುದ್ಧ ಕನ್ನಡದ ೮ ಬರೆದೆ. ಅದೊಂದು ಬಿಚ್ಚಿದ ಬಳೆಯಲ್ಲವೇ? ಹರಿಗೋಲು ಬುಗುರಿಯಂತೆ ಸುತ್ತತೊಡಗಿತು. ಬೇಕಾಗಿದ್ದುದು ಎರಡು ಸೊನ್ನೆಗಳನ್ನು ಕೂಡಿಸಿದ ಇಂಗ್ಲಿಷಿನ ಎಂಟು. ಪಾಯೆಸನ ಮಾತು ನೆನಪಾಗಿ ನನಗೆ ನಗು ಬಂದಿತು; ಕಾಕಾಗೆ ಬರಲಿಲ್ಲ. “ನೀವು ಬರಿಲಾಕತ್ತೀರಿ ಸರ, ನಡಸಲಾಕತ್ತಿಲ್ಲ” ಎಂದರು.

ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಮೂರನೆಯ ಭಾನುವಾರ ನಾನು ಹಟಮಾಡಿ ಗಾಳದ ಕೋಲನ್ನು ಜೊತೆಗೆ ತಂದೆ. ನಸುಕಿನಲ್ಲಿ ನೀರು ಗಾಜಿನಂತಿತ್ತು. ಕಾಕಾ ಬಲೆ ಬಿಡುವ ಜಾಗಕ್ಕೆ ಹೋಗುತ್ತಿದ್ದರು. ಬಲೆ ನಮ್ಮಿಬ್ಬರ ನಡುವೆ ರಾಶಿಬಿದ್ದಿತ್ತು. ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿ ನಾನು ಗಾಳ ಬಿಟ್ಟಿದ್ದೆ. ಹದಿನೈದು ನಿಮಿಷವಾಗಿರಬಹುದು, ಕೋಲಿನ ತುದಿ ಬಾಗಿತು. ಉರುಳೆ ಕಿರ್‍ರೆಂದು ಕೂಗಿತು. ಆ ಕ್ಷಣದಲ್ಲಿ ಭೂಲೋಕಮಲ್ಲನ ಶಾಸ್ತ್ರವೂ ಕಾಕಾ ಕಲಿಸಿದ ಪಾಠವೂ ಒಟ್ಟಿಗೆ ಮರೆತುಹೋಗಿ, ನಾನು ಎದ್ದು ನಿಂತೆ.

ಮುಂದಿನದನ್ನು ನಾನು ನೋಡಲಿಲ್ಲ. ಮೇಲಿದ್ದುದು ಕೆಳಗಾಯಿತು. ಮೂಗಿನೊಳಗೆ ನೀರು, ಕಿವಿಯೊಳಗೆ ಗುಂಯೆಂಬ ಸದ್ದು. ನನಗೆ ಈಜು ಬರುತ್ತದೆ; ಬಾಲ್ಯದಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಕಲಿತದ್ದು. ಆದರೆ ಬಾವಿಗೆ ನಾಲ್ಕು ಕಡೆಯೂ ಗೋಡೆಯಿದೆ, ಮೆಟ್ಟಿಲಿದೆ. ಚಡ್ಡಿಯುಟ್ಟ ಹುಡುಗನಿಗೆ ಎರಡು ಬಡಿತದಲ್ಲಿ ಏನಾದರೊಂದು ಕೈಗೆ ಸಿಗುತ್ತದೆ. ಜಲಾಶಯದ ನಡುವೆ, ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡ ಪ್ಯಾಂಟು, ಬೂಟು, ಮೇಲೊಂದು ಸ್ವೆಟರು — ಇವುಗಳೊಡನೆ ಈಜುವುದು ಬೇರೆಯೇ ವಿದ್ಯೆ. ನಾನು ಹರಿಗೋಲಿನ ಅಂಚನ್ನು ಹಿಡಿದು ಏರಲು ಹೋದೆ. ಅದು ಮತ್ತೆ ನನ್ನ ಮೇಲೆಯೇ ಬಂದಿತು. ಕಾಕಾ ಹುಟ್ಟನ್ನು ನನ್ನ ಕಡೆಗೆ ಚಾಚಿ, “ಏರಬ್ಯಾಡ್ರಿ! ಹಿಡ್ಕೊಂಡು ಕಾಲು ಬಡೀರಿ, ಕಾಲು!” ಎಂದು ಕೂಗಿದರು. ಮಗುಚಿದ ಹರಿಗೋಲನ್ನು ಇಬ್ಬರೂ ಹಿಡಿದು, ಕಾಲು ಬಡಿಯುತ್ತ ದಡ ಮುಟ್ಟಲು ಎಷ್ಟು ಹೊತ್ತಾಯಿತೋ ತಿಳಿಯದು. ಲೈಫ್ ಜಾಕೆಟ್ ನನ್ನಲ್ಲಿತ್ತು. ಅದು ದಡದ ಮೇಲೆ, ಮೋಟಾರ್ ಸೈಕಲ್ಲಿನ ಹಿಡಿಕೆಗೆ ತೂಗುಹಾಕಿತ್ತು. ತೊಟ್ಟರೆ ಭಾವಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಬಿಟ್ಟುಹೋಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ನಿಜವಾದ ನಷ್ಟ ಆಮೇಲೆ ತಿಳಿಯಿತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಜಾಲಿಯ ಗಿಡಗಳು ಅಲ್ಲಿ ನೀರಿನೊಳಗೆ ಇನ್ನೂ ನಿಂತಿವೆ. ಕಾಕಾ ಅವರ ಬಲೆ ಅವುಗಳಿಗೆ ಸಿಕ್ಕಿಬಿದ್ದಿತ್ತು. ಮಧ್ಯಾಹ್ನ ಬೇರೊಬ್ಬರ ಹರಿಗೋಲಿನಲ್ಲಿ ಹೋಗಿ ಎಳೆದು ತೆಗೆದಾಗ ಅರ್ಧಕ್ಕರ್ಧ ಹರಿದಿತ್ತು. ನಾನು ಹಣ ಕೊಡಲು ಮುಂದಾದೆ. ಕಥೆಗಳಲ್ಲಿ ಇಂತಹ ಸಂದರ್ಭದಲ್ಲಿ ಬಡವರು ಹಣವನ್ನು ನಿರಾಕರಿಸುತ್ತಾರೆ. ಕಾಕಾ ನಿರಾಕರಿಸಲಿಲ್ಲ. “ಬಲಿ ರೊಕ್ಕ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೊಸಾ ಬಲಿ ಬರೂ ತನಾ ಕೂಲಿ ಯಾರು ಕೊಡ್ತಾರ?” ಎಂದರು. ಅದೂ ಲೆಕ್ಕವೇ. ಅದನ್ನೂ ಕೊಟ್ಟೆ. ಕೊಟ್ಟ ಮೇಲೂ ಮನಸ್ಸು ಹಗುರವಾಗಲಿಲ್ಲವಾದ್ದರಿಂದ, ಮುಂದಿನ ಎಷ್ಟೋ ಭಾನುವಾರಗಳಲ್ಲಿ ಕೋಲನ್ನು ಮನೆಯಲ್ಲೇ ಇಟ್ಟು, ಕಾಕಾ ಬಲೆ ಬಿಡುವಾಗ ಹುಟ್ಟು ಹಾಕುವ ಕೆಲಸಕ್ಕೆ ನಿಂತೆ.

ಪತ್ರ ಬರೆದ ಮಹನೀಯರೇ, ನನ್ನ ಆರಂಭ ನಿಜವಾಗಿ ಆದದ್ದು ಅಲ್ಲಿಂದ. ಬಲೆ ಬಿಡುವವನಿಗೆ ಹುಟ್ಟು ಹಾಕುವುದೆಂದರೆ ದೋಣಿಯನ್ನು ಅವನು ಹೇಳಿದಲ್ಲಿ ನಿಲ್ಲಿಸುವುದು. ಗಾಳಿ ತಳ್ಳುತ್ತಿರುವಾಗ ದೋಣಿಯನ್ನು ನಿಲ್ಲಿಸಬಲ್ಲವನಿಗೆ, ಅದನ್ನು ನಡೆಸುವುದು ತಾನಾಗಿ ಬರುತ್ತದೆ. ಬೆಳಗಿನ ನೀರು ಬೇರೆ, ಹತ್ತು ಗಂಟೆಯ ನಂತರ ಗಾಳಿಯೆದ್ದ ನೀರು ಬೇರೆಯೆಂದು ತೋಳಿಗೆ ತಿಳಿಯುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು. ದಣಿದು ಮರಳುವಾಗ ಗಾಳಿಯೇ ಮನೆಗೆ ತಳ್ಳುತ್ತದೆ. ತಿರುವುಮುರುವು ಮಾಡಿದವನು ಎದುರು ದಡದ ಊರಿನಿಂದ ನಡೆದುಬರಬೇಕಾಗುತ್ತದೆ. ಕಾಟ್ಲಾ ಮೇಲು ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಈ ಮೂರರ ಮರಿಗಳನ್ನೂ ಒಟ್ಟಿಗೆ ಬಿತ್ತುವುದು ಇದೇ ಕಾರಣಕ್ಕೆ, ಒಂದರ ಅನ್ನಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಕೊರವ ಮಾತ್ರ ಗಾಳಿ ಕುಡಿಯಲು ಆಗಾಗ ಮೇಲೆ ಬಂದು ಗುಳುಕ್ಕೆನ್ನುತ್ತದೆ. ಇಷ್ಟು ಗೊತ್ತಿದ್ದವನು ಗಾಳವನ್ನು ಎಷ್ಟು ಆಳಕ್ಕೆ ಬಿಡಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಮೀಸೆಯ ಮೀನು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬಾರದು. ಅದರ ಈಜುರೆಕ್ಕೆಯ ಮುಳ್ಳು ಚುಚ್ಚಿದರೆ ರಾತ್ರಿಯ ನಿದ್ದೆ ಹೋಯಿತು.

ಕಯಾಕಿಗೆ ಸಂಬಂಧಪಟ್ಟ ಮಾತುಗಳೂ ಬಹುಮಟ್ಟಿಗೆ ಇವೇ. ಮೊದಲ ದಿನವೇ, ಸೊಂಟದಷ್ಟು ನೀರಿನಲ್ಲಿ, ಬೇಕೆಂದೇ ಅದನ್ನು ಮಗುಚಿ ಮತ್ತೆ ಏರುವುದನ್ನು ಕಲಿಯಬೇಕು. ಹುಟ್ಟನ್ನೂ ಕೋಲನ್ನೂ ದೋಣಿಗೆ ದಾರದಿಂದ ಕಟ್ಟಬೇಕು. ಲೈಫ್ ಜಾಕೆಟ್ ಮೈಮೇಲಿರಬೇಕು, ಗುಂಡಿ ಹಾಕಿರಬೇಕು. ಹಿಂಗಾರಿನ ಮೋಡ ಕಂಡರೆ ಮೀನು ಎಷ್ಟೇ ಕಚ್ಚುತ್ತಿರಲಿ ದಡಕ್ಕೆ ಬರಬೇಕು; ಈಗಿನ ಕೋಲುಗಳಲ್ಲಿರುವ ಕಾರ್ಬನ್ ಸಿಡಿಲಿಗೆ ಒಳ್ಳೆಯ ದಾರಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮಳೆಗಾಲದಲ್ಲಿ ಇಳಿಯಲೇಬಾರದು. 2020ರ ಅಕ್ಟೋಬರಿನಲ್ಲಿ ಭೀಮೆ ಕಾಗಿಣೆಗಳು ಏರಿದ ಬಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರು ಯಾರದೆಂಬುದನ್ನೂ ವಿಚಾರಿಸಬೇಕು. ಜಲಾಶಯಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತದೆ. ಮರಿ ಬಿತ್ತಿದವರು ಅವರು. ಕೇಳದೆ ಗಾಳ ಹಾಕುವುದು ಬೇರೆಯವರ ಹೊಲದಲ್ಲಿ ಕಡಲೆ ಕಿತ್ತಂತೆ. ನಮ್ಮ ತಾಲ್ಲೂಕಿನ ಚಂದ್ರಂಪಳ್ಳಿಯ ಜಲಾಶಯ ಎಷ್ಟು ಸುಂದರವಾಗಿದ್ದರೂ ಅದು 2011ರಲ್ಲಿ ಘೋಷಿತವಾದ ವನ್ಯಜೀವಿಧಾಮಕ್ಕೆ ಸೇರಿದ ಪ್ರದೇಶ. ಅಲ್ಲಿ ನೋಡಿ ಆನಂದಿಸಬೇಕು, ಅಷ್ಟೆ.

ಬಲೆಯೊಂದಿಗೆ ಹರಿಯದೆ ಉಳಿದ ಪ್ರಶ್ನೆಯೊಂದಿದೆ. ಒಂದು ದಿನ ದಡದಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದಾಗ ಕಾಕಾ ಕೇಳಿದರು: “ನಿಮ್ಮ ಮನ್ಯಾಗ ತಿನ್ನಂಗಿಲ್ಲ ಅಂತೀರಿ. ಮತ್ತ ಯಾಕ ಹಿಡೀತೀರಿ?” ನಾನು, ವಿದೇಶಗಳಲ್ಲಿ ಹವ್ಯಾಸಿಗಳು ಮೀನನ್ನು ಹಿಡಿದು ತೂಗಿ ಮತ್ತೆ ನೀರಿಗೆ ಬಿಡುವುದುಂಟೆಂದು ವಿವರಿಸಿದೆ. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ಸುಮಾರು 120 ಪೌಂಡು ತೂಕದ ಮಹಸೀರ್ ಬಿದ್ದ ಪ್ರಸಂಗವನ್ನು ಹೇಳಿದೆ. ಅದೇ ಕಾವೇರಿಯ ಸೀಮೆಯಲ್ಲಿ ಬಳಿಕ ಹವ್ಯಾಸಿಗಳು ಹರಿಗೋಲಿನಲ್ಲಿ ಕುಳಿತು ಮಹಸೀರನ್ನು ಹಿಡಿದು ಬಿಡುತ್ತಿದ್ದರು. ಅವರಿದ್ದುದರಿಂದ ಡೈನಮೈಟು ಹಾಕುವವರ ಕಾಟ ತಗ್ಗಿತ್ತೆಂದು ವಾದಿಸುವವರುಂಟು. ಕಾವೇರಿಯ ಆ ಡುಬ್ಬದ ಮಹಸೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಮೀನೆಂದು ಪಟ್ಟಿಮಾಡಿದ್ದಾರೆ. ಅಭಯಾರಣ್ಯದೊಳಗಿನ ಗಾಳ ಅದಕ್ಕೆ ಮೊದಲೇ ನಿಂತಿತ್ತು. ಇದೆಲ್ಲವನ್ನೂ ಉಪನ್ಯಾಸದ ಧಾಟಿಯಲ್ಲಿಯೇ ಹೇಳಿದೆನೆಂದು ಕಾಣುತ್ತದೆ. ಕಾಕಾ ಸಾವಧಾನವಾಗಿ ಕೇಳಿ, ದಾರವನ್ನು ಹಲ್ಲಿನಲ್ಲಿ ಕಡಿದು, “ಅಂದ್ರ ಅದರ ಬಾಯಿ ಹರದು, ಹೋಗಪಾ ಅಂತ ಕಳಸ್ತಾರಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಸೋಮೇಶ್ವರ ಅರಸನಿಗೆ ಅದು ವಿನೋದ, ಕಾಕಾಗೆ ಜೀವನ. ಎರಡೂ ಅಲ್ಲದ ನನ್ನಂಥವನಿಗೆ ಏನೆಂದು ಇಂದಿಗೂ ಗೊತ್ತಾಗಿಲ್ಲ. ಈಗ ನನ್ನ ಗಾಳಕ್ಕೆ ಬಿದ್ದುದು ಕಾಕಾ ಅವರ ಬುಟ್ಟಿಗೆ ಹೋಗುತ್ತದೆ. ಅದರಿಂದ ಪ್ರಶ್ನೆ ತೀರಿತೆಂದು ಅವರೂ ತಿಳಿದಿಲ್ಲ, ನಾನೂ ತಿಳಿದಿಲ್ಲ.

ನಿಮ್ಮ ಪತ್ರ ಬಂದ ಮೇಲೆ ನಿಮ್ಮ ಮಗನ ದೋಣಿಯಂತಹದೇ ಒಂದರ ಚಿತ್ರವನ್ನು ಕಾಕಾಗೆ ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಬಣ್ಣ ಹಿಡಿಸಿತು. ಕೋಲು ಸಿಕ್ಕಿಸಲು ಮಾಡಿದ ತೂತುಗಳನ್ನು ಮೆಚ್ಚಿಕೊಂಡರು. ಬಲೆ ಹಿಡಿಸಲಾರದೆಂದು ತಲೆಯಾಡಿಸಿದರು. ಕೊನೆಗೆ, “ಛಲೋ ಅದ. ಆದ್ರ ಒಬ್ಬನೇ ಕುಂದ್ರೂ ದೋಣಿ. ಬಿದ್ರ ಹುಟ್ಟು ಚಾಚೋರು ಯಾರ್‍ರಿ?” ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟರು.

ಆದಕಾರಣ ನಿಮ್ಮ ಮಗನಿಗೆ ಹೇಳಿ: ಕೊಳ್ಳುವುದಕ್ಕೆ ಮೊದಲು ಒಂದು ತಿಂಗಳು ಬಾಡಿಗೆಯ ದೋಣಿಯಲ್ಲಿ ಅಭ್ಯಾಸ ಮಾಡಲಿ, ಬಾಡಿಗೆಗೆ ವಿಚಾರಿಸುವಾಗ ಒಂದಲ್ಲ, ಎರಡು ದೋಣಿಗೆ ವಿಚಾರಿಸಲಿ. ಎರಡನೆಯದರಲ್ಲಿ ಕೂರುವ ಗೆಳೆಯ ಸಿಗದಿದ್ದರೆ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ನಮ್ಮ ಕಡೆಗೆ ಬರಲಿ. ಕಾಕಾ ಅವರನ್ನು ನಾನು ಕೇಳಿಟ್ಟಿದ್ದೇನೆ. ಕೋಲು ತರಬೇಕಾಗಿಲ್ಲವಂತೆ.